‘ನಿಮಗೋಸ್ಕರ’: ಕರ್ತನ ಭೋಜನದ ಬಳಿ ನಿಂತು ಆಡಿದ ಮಾತುಗಳು

(ಮಂಗಳೂರಿನಲ್ಲಿ, ಮಹಾ ಗುರುವಾರದ ಹಿಂದಿನ ಸಂಜೆ ಸಭೆಯ ಅಧ್ಯಯನ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಯೇಸು ತನ್ನ ಕೊನೆಯ ರಾತ್ರಿ ಶಿಷ್ಯರೊಡನೆ ಉಂಡ ಊಟವನ್ನು ನೆನೆದು ನಾವು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನ ನನಗೆ ವೈಯಕ್ತಿಕವಾಗಿ ಏನು ಎಂಬುದನ್ನು ಹೇಳಬೇಕೆಂದು ನನ್ನನ್ನು ಕೇಳಿಕೊಂಡಿದ್ದೀರಿ. ನಾನು ದೇವತಾಶಾಸ್ತ್ರ ಓದಿದವನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಸಭಾ ಹಿರಿಯನಾಗಿ ಹಲವು ವರ್ಷ ಈ ಮೇಜಿನ ಬಳಿ ಸಭಾಪಾಲಕರಿಗೆ ನೆರವಾಗಿ ನಿಂತವನು. ಆದ್ದರಿಂದ ನನ್ನ ಮಾತು ಎರಡು ಕಡೆಯಿಂದ ಬರುತ್ತದೆ: ಒಂದು, ಪದಗಳ ಮೇಲಿನ ನನ್ನ ಹಳೆಯ ಮೋಹ; ಇನ್ನೊಂದು, ತಟ್ಟೆ ಹಿಡಿದು ನಿಂತಾಗ ಕಂಡ ಕೈಗಳು ಮತ್ತು ಮುಖಗಳು.

ಹಾಸಿಗೆ ಹಿಡಿದಿರುವ ನಮ್ಮ ಸಭೆಯ ಹಿರಿಯ ತಾಯಿಯೊಬ್ಬರ ಮನೆಗೆ ಕಳೆದ ವರ್ಷ ಸಭಾಪಾಲಕರ ಜೊತೆ ಹೋಗಿದ್ದೆ. ಅವರಿಗೆ ನುಂಗುವುದೇ ಕಷ್ಟವಾಗಿತ್ತು. ಸಭಾಪಾಲಕರು ರೊಟ್ಟಿಯಿಂದ ಅಕ್ಕಿಕಾಳಿನಷ್ಟು ಚೂರು ಮುರಿದು, ದ್ರಾಕ್ಷಾರಸದಲ್ಲಿ ಅದ್ದಿ ಚಮಚದ ತುದಿಯಲ್ಲಿಟ್ಟರು. ತಲೆಯನ್ನು ಎತ್ತಿ ಹಿಡಿದವಳು ಅವರನ್ನು ನೋಡಿಕೊಳ್ಳುವ ಹೋಮ್ ನರ್ಸ್, ಬಾಗಲಕೋಟೆ ಕಡೆಯ ಹುಡುಗಿ. ಪ್ರಾರ್ಥನೆ ಮುಗಿದು ನಾವು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಹೊರಗೆ ಬಂದು, “ಇದು ನಿಮ್ಮ ತೀರ್ಥ-ಪ್ರಸಾದ ಏನ್ರಿ ಸರ?” ಎಂದು ಕೇಳಿದಳು. ಸಭಾಪಾಲಕರು ಒಂದು ಕ್ಷಣ ನನ್ನ ಮುಖ ನೋಡಿ, “ಹೌದಮ್ಮಾ, ಹಾಗಂತಲೇ ತಿಳ್ಕೋ” ಎಂದರು. ದಾರಿಯುದ್ದಕ್ಕೂ ನಾನು ಆ ಪ್ರಶ್ನೆಯನ್ನೇ ಯೋಚಿಸುತ್ತಾ ಬಂದೆ.

ಏಕೆಂದರೆ ಅವಳು ಆಡಿದ ಪದ ನಮ್ಮ ಕಥೋಲಿಕ ಬಂಧುಗಳದ್ದೇ. ಕನ್ನಡದಲ್ಲಿ ಅವರು ಇದನ್ನು ‘ಪರಮ ಪ್ರಸಾದ’ ಎನ್ನುತ್ತಾರೆ; ಇದೇ ಊರಿನ ಕೊಂಕಣಿಯಲ್ಲಿ ಪೋರ್ಚುಗೀಸಿನಿಂದ ಬಂದ ‘ಕುಮ್ಗಾರ್’ ಎಂಬ ಮಾತಿದೆ. ನಾವು ಪ್ರೊಟೆಸ್ಟಂಟರು ‘ಕರ್ತನ ರಾತ್ರಿ ಭೋಜನ’ ಎನ್ನುತ್ತೇವೆ. ಪ್ರಸಾದ ಎಂದಾಗ ಮನಸ್ಸು ಕೊಡುವವನ ಕಡೆಗೆ ಹೋಗುತ್ತದೆ. ಪ್ರಸಾದವನ್ನು ಯಾರೂ ಸಂಪಾದಿಸುವುದಿಲ್ಲ, ಬೆಲೆ ಕಟ್ಟುವುದಿಲ್ಲ. ಕೈಯೊಡ್ಡಿ ನಿಂತರೆ ಅದು ಬಂದು ಬೀಳುತ್ತದೆ. ಭೋಜನ ಎಂದಾಗ ಮನಸ್ಸು ಪಂಕ್ತಿಯ ಕಡೆಗೆ ತಿರುಗುತ್ತದೆ: ಯಾರು ಕೂತಿದ್ದಾರೆ, ಯಾರಿಗೆ ಬಡಿಸಿದೆ, ಯಾರ ಎಲೆ ಖಾಲಿ ಇದೆ. ಈ ಎರಡು ಪದಗಳು ಒಂದನ್ನೊಂದು ತಳ್ಳಿಹಾಕುತ್ತವೆಂದು ನನಗೆ ಎಂದೂ ಅನ್ನಿಸಿಲ್ಲ. ನಮ್ಮ ಭಾಷೆ ಈ ಸಂಸ್ಕಾರದ ಎರಡು ಮುಖಗಳನ್ನು ಎರಡು ಸಭೆಗಳ ಕೈಗೆ ಕೊಟ್ಟಿಟ್ಟಿದೆ ಎಂದೇ ನಾನು ತಿಳಿದಿದ್ದೇನೆ.

ಇನ್ನು ನನಗೆ ಅತಿ ಹತ್ತಿರವಾದ ಪದಕ್ಕೆ ಬರುತ್ತೇನೆ. ಯೇಸು ರೊಟ್ಟಿಯನ್ನು ಮುರಿದು ಕೊಡುವಾಗ ಆಡಿದ ಮಾತಿನಲ್ಲಿ ‘ನಿಮಗೋಸ್ಕರ’ ಎಂಬುದೊಂದಿದೆ. ಮೂಲದ ಗ್ರೀಕಿನಲ್ಲಿ ಅದು ಬಹುವಚನ. ಮೇಜಿನ ಸುತ್ತ ಇದ್ದ ಅಷ್ಟೂ ಜನಕ್ಕೆ ಹೇಳಿದ್ದು. ಆದರೆ ಕನ್ನಡದ ‘ನೀವು’ ಬಹುವಚನವೂ ಹೌದು, ಒಬ್ಬರೇ ಇದ್ದಾಗ ಗೌರವದ ಮಾತೂ ಹೌದು. ವಾರವಿಡೀ ಎಲ್ಲರಿಂದ ‘ಏಯ್, ನೀನು’ ಎಂದೇ ಕರೆಸಿಕೊಳ್ಳುವ ಕೂಲಿಯವನೊಬ್ಬ ಭಾನುವಾರ ಬೆಳಿಗ್ಗೆ ಇಲ್ಲಿ ಮೊಣಕಾಲೂರಿದಾಗ, ಅವನ ಅಂಗೈ ಮೇಲೆ ಚೂರು ರೊಟ್ಟಿಯನ್ನಿಟ್ಟು ‘ನಿಮಗೋಸ್ಕರ’ ಎನ್ನಲಾಗುತ್ತದೆ. ಲೋಕದ ಒಡೆಯನೆಂದು ನಾವು ನಂಬಿರುವಾತ ಅವನನ್ನು ಬಹುವಚನದಲ್ಲಿ ಮಾತನಾಡಿಸುತ್ತಾನೆ. ಅದೇ ಪದ ಅದೇ ಉಸಿರಿನಲ್ಲಿ ಅವನ ಪಕ್ಕದವನನ್ನೂ ಒಳಗೆ ತೆಗೆದುಕೊಳ್ಳುತ್ತದೆ. ನನ್ನೊಬ್ಬನಿಗೇ ಹೇಳಿದಂತಿರುವ ಮಾತು ಇಡೀ ಸಾಲಿಗೆ ಹೇಳಿದ ಮಾತೂ ಆಗಿರುವುದು, ಕರ್ತನ ಭೋಜನ ನನಗೆ ವೈಯಕ್ತಿಕವಾಗಿ ಏನು ಎಂಬ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ. ಮುಂದೆ ಹೇಳುವುದೆಲ್ಲ ಇದನ್ನು ಬಿಡಿಸಿ ನೋಡುವ ಪ್ರಯತ್ನ.

ಈ ಭೋಜನದ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳಲ್ಲಿಲ್ಲ. ಆದಿ ಸಭೆಯ ಅಪೊಸ್ತಲನಾದ ಪೌಲನು ಸುಮಾರು ಕ್ರಿ.ಶ. 54-55ರಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿದೆ. ಆ ವಿವರಣೆ ಹುಟ್ಟಿದ್ದೇ ಒಂದು ಜಗಳದ ನಡುವೆ ಎಂಬುದನ್ನು ನಾವು ಮರೆಯುತ್ತೇವೆ. ಕೊರಿಂಥದವರು ಅನುಕೂಲಸ್ಥರ ಮನೆಗಳಲ್ಲಿ ಸೇರಿ ನಿಜವಾದ ಊಟವನ್ನೇ ಮಾಡುತ್ತಿದ್ದರು. ಬಿಡುವಿದ್ದವರು ತಮ್ಮ ಊಟವನ್ನು ಮೊದಲೇ ಮಾಡಿ ಮುಗಿಸುತ್ತಿದ್ದರು. ದಿನದ ದುಡಿಮೆ ಮುಗಿಸಿ ಬರುವ ಆಳುಗಳಿಗೂ ಬಡವರಿಗೂ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ, ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲನು ಕೇಳುತ್ತಾನೆ. ನೀವು ಸೇರಿ ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎನ್ನುವಷ್ಟು ದೂರ ಅವನು ಹೋಗುತ್ತಾನೆ. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿಯ ಕಥೆಯನ್ನು ಅವನು ತೆಗೆಯುವುದೇ ಈ ಪಂಕ್ತಿಭೇದವನ್ನು ಖಂಡಿಸಲು.

ಈ ಹಿನ್ನೆಲೆ ಕಳಚಿ ಬಿದ್ದಾಗ ಅದೇ ಅಧ್ಯಾಯದ ಎಚ್ಚರಿಕೆ ನಮ್ಮ ಹಿರಿಯರ ಎದೆಯ ಮೇಲೆ ಕಲ್ಲಾಗಿ ಕೂತಿತು. ಅಯೋಗ್ಯವಾಗಿ ತಿಂದು ಕುಡಿಯುವವನು ಅಪರಾಧಿಯಾಗುತ್ತಾನೆ, ಆದ್ದರಿಂದ ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬ ಮಾತು ಅದು. ಕನ್ನಡ ಮೇಷ್ಟರಾಗಿ ಒಂದು ವ್ಯಾಕರಣದ ಸಂಗತಿಯನ್ನು ಹೇಳಲೇಬೇಕು: ಅಲ್ಲಿರುವ ಗ್ರೀಕ್ ಪದ ‘ಅನಾಕ್ಸಿಯೋಸ್’ ಕ್ರಿಯಾವಿಶೇಷಣ. ಅದು ತಿನ್ನುವ ರೀತಿಯನ್ನು ಹೇಳುತ್ತದೆ, ತಿನ್ನುವವನ ಯೋಗ್ಯತೆಯನ್ನಲ್ಲ. ‘ಅಯೋಗ್ಯವಾಗಿ’ ಎಂಬುದನ್ನು ನಾವು ‘ಅಯೋಗ್ಯನಾಗಿ’ ಎಂದು ಓದಿಕೊಂಡೆವು. ಪಕ್ಕದಲ್ಲಿ ಹಸಿದವನಿರುವಾಗ ಅವನನ್ನು ಕಾಣದಂತೆ ಉಣ್ಣುವುದು ಪೌಲನ ಕಣ್ಣಿಗೆ ಅಯೋಗ್ಯವಾಗಿ ಉಣ್ಣುವುದು. ನಾವಾದರೋ ಆ ವಾಕ್ಯವನ್ನು ಹಿಡಿದು, ಪಾಪ ಮಾಡಿದವರು ಈ ಮೇಜಿಗೆ ಬರಬಾರದೆಂದು ನಮಗೆ ನಾವೇ ಹೇಳಿಕೊಂಡೆವು.

ನನ್ನ ಅಜ್ಜಿ ಹಾಗೆಯೇ ಹೇಳಿಕೊಂಡವರು. ಬಾವಿಯ ನೀರಿನ ವಿಷಯದಲ್ಲಿ ಸ್ವಂತ ಅಣ್ಣನೊಡನೆ ಮಾತು ಬಿಟ್ಟಿದ್ದರು. ಕರ್ತನ ಭೋಜನದ ಭಾನುವಾರ ಬಂದರೆ ಬಿಳಿ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ದೇವಾಲಯಕ್ಕೆ ಹೋಗುತ್ತಿದ್ದರು. ಆದರೆ ಸಾಲು ಸಾಲಾಗಿ ಹೆಂಗಸರು ಎದ್ದು ಮುಂದೆ ಹೋಗುವಾಗ ಅವರು ಮೊಣಕಾಲು ಸರಿಸಿ ದಾರಿ ಬಿಟ್ಟು ಬೆಂಚಿನಲ್ಲೇ ಉಳಿಯುತ್ತಿದ್ದರು. ಒಂದೆರಡು ಸಲವಲ್ಲ, ಆರು ವರ್ಷ. ಅವರ ಪಕ್ಕದಲ್ಲಿ ಕೂತಿರುತ್ತಿದ್ದ ಹುಡುಗ ನಾನು. ನಾನು ದೃಢೀಕರಣದ ಪಾಠ ಕಲಿಯುತ್ತಿದ್ದ ವರ್ಷ, ಮೊದಲ ಸಲ ನಾನೂ ಮೇಜಿಗೆ ಹೋಗುವ ಭಾನುವಾರದ ಹಿಂದಿನ ಸಂಜೆ, ಅಜ್ಜಿ ಹಿತ್ತಲಿನ ಒಂದು ಚಿಪ್ಪು ಕದಳಿ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಹೊರಟರು. ಅವರು ಮನೆಯಲ್ಲಿರಲಿಲ್ಲ, ಬಾಗಿಲಿಗೆ ಬೀಗವಿತ್ತು. ಅಜ್ಜಿ ಜಗಲಿಯ ಮೇಲೆ ಹಣ್ಣನ್ನಿಟ್ಟು ಸ್ವಲ್ಪ ಹೊತ್ತು ಕೂತು ಎದ್ದು ಬಂದರು. ಮರುದಿನ ಅವರು ಮುಂದೆ ಹೋದರು. ಮೇಜಿನ ಮುಂದಿನ ಕಟಕಟೆಯ ಇನ್ನೊಂದು ತುದಿಯಲ್ಲಿ ಅವರ ಅಣ್ಣ ಮೊಣಕಾಲೂರಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಆರಾಧನೆ ಮುಗಿದ ಮೇಲೂ ಮಾತಾಡಲಿಲ್ಲ; ಮಾತು ಶುರುವಾಗಲು ಇನ್ನೂ ಒಂದು ಮಳೆಗಾಲ ಕಳೆಯಬೇಕಾಯಿತು. ಒಂದೇ ರೊಟ್ಟಿ ಆ ಸಾಲಿನ ಎರಡು ತುದಿಗಳನ್ನು ಮುಟ್ಟಿದ್ದನ್ನು ಮಾತ್ರ ನಾನು ಅಂದು ಕಣ್ಣಾರೆ ಕಂಡೆ.

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಎಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಹೇಳಿರುವುದು ನಿಜ. ಆ ಮಾತನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಸಮಾಧಾನ ಪೂರ್ತಿಯಾದ ಮೇಲೆಯೇ ಬಾ ಎಂದು ಕಾಯುತ್ತಾ ಕೂತರೆ ಮೊದಲ ರಾತ್ರಿಯ ಮೇಜಿನಲ್ಲಿ ಯಾರಿಗೆ ಜಾಗವಿರುತ್ತಿತ್ತು? ಲೂಕನು ತನ್ನ ಸುವಾರ್ತೆಯಲ್ಲಿ ಹೇಳುವಂತೆ, ಯೇಸುವನ್ನು ಹಿಡಿದುಕೊಡುವವನ ಕೈ ರೊಟ್ಟಿ ಕೊಟ್ಟವನ ಕೈಯ ಜೊತೆ ಅದೇ ಮೇಜಿನ ಮೇಲಿತ್ತು. ಬೆಳಗಾಗುವುದರೊಳಗೆ ಮೂರು ಸಲ ‘ಅವನನ್ನು ಅರಿಯೆ’ ಎನ್ನಲಿದ್ದ ಪೇತ್ರನೂ ಉಂಡ. ಉಳಿದವರು, ತಮ್ಮೊಳಗೆ ಯಾರು ದೊಡ್ಡವರೆಂದು ಅಲ್ಲೇ ವಾದಕ್ಕಿಳಿದಿದ್ದರು. ಅವರಲ್ಲಿ ಯಾರ ಯೋಗ್ಯತೆಯನ್ನೂ ಯೇಸು ತೂಗಿ ನೋಡಿ ಬಡಿಸಲಿಲ್ಲ. ತಟ್ಟೆ ಹಿಡಿದು ನಿಂತಾಗ ಯಾರಾದರೂ ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಹಿಂದೆಗೆದರೆ ನನಗೆ ಈ ಮೇಜು ನೆನಪಾಗುತ್ತದೆ.

‘ನನ್ನನ್ನು ನೆನಸಿಕೊಳ್ಳುವದಕ್ಕೋಸ್ಕರ ಹೀಗೆ ಮಾಡಿರಿ’ ಎಂಬ ಮಾತಿನಲ್ಲಿರುವ ನೆನಪು ಯಾವ ಬಗೆಯದು ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಪಸ್ಕ ಹಬ್ಬದ ರಾತ್ರಿ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಆದ ಬಿಡುಗಡೆಯನ್ನು ಯೆಹೂದ್ಯರು ನೆನೆಯುವ ರಾತ್ರಿ ಎಂದು ಮೊದಲ ಮೂರು ಸುವಾರ್ತೆಗಳು ಹೇಳುತ್ತವೆ. ಯೆಹೂದ್ಯರ ಮಿಷ್ನಾ ಗ್ರಂಥದ ಪಸ್ಕದ ಭಾಗದಲ್ಲಿ ಒಂದು ವಿಧಿಯಿದೆ: ಪ್ರತಿ ತಲೆಮಾರಿನಲ್ಲೂ ಪ್ರತಿಯೊಬ್ಬನು ತಾನೇ ಐಗುಪ್ತದಿಂದ ಹೊರಟು ಬಂದವನೆಂದು ತನ್ನನ್ನು ಭಾವಿಸಿಕೊಳ್ಳಬೇಕು. ತಾತ ಮುತ್ತಾತಂದಿರಿಗೆ ಆದದ್ದನ್ನು ಕಥೆಯಾಗಿ ಕೇಳಿ ಸುಮ್ಮನಾಗುವ ನೆನಪಲ್ಲ ಅದು; ಉಣ್ಣುವವನನ್ನು ಆ ಘಟನೆಯ ಒಳಕ್ಕೆ ಕರೆದೊಯ್ಯುವ ನೆನಪು. ಯೇಸು ಸತ್ತು ಎದ್ದ ದಿನ ಎಮ್ಮಾಹು ಎಂಬ ಹಳ್ಳಿಗೆ ನಡೆದುಹೋಗುತ್ತಿದ್ದ ಇಬ್ಬರು ಶಿಷ್ಯರಿಗೆ ದಾರಿಯುದ್ದಕ್ಕೂ ಜೊತೆಗಿದ್ದವನು ಯೇಸುವೇ ಎಂದು ತಿಳಿಯಲಿಲ್ಲ, ಅಷ್ಟು ವಾಕ್ಯ ವಿವರಿಸಿದರೂ ತಿಳಿಯಲಿಲ್ಲ; ಅವನು ರೊಟ್ಟಿ ತೆಗೆದುಕೊಂಡು ಮುರಿದಾಗ ಕಣ್ಣು ತೆರೆಯಿತು. ನನ್ನ ತಾಯಿ ತೀರಿಕೊಂಡ ವರ್ಷ ನನಗೆ ದೇವಾಲಯದ ಯಾವ ಉಪದೇಶವೂ ಕಿವಿಯೊಳಗೆ ಇಳಿಯುತ್ತಿರಲಿಲ್ಲ. ನಾಲಿಗೆಯ ಮೇಲಿನ ಆ ಚೂರು ಮಾತ್ರ ಒಳಗೆ ಇಳಿಯುತ್ತಿತ್ತು. ದುಃಖದಲ್ಲಿರುವವನಿಗೆ ನಂಬಿಕೆ ತಿನ್ನಿಸಬೇಕಾದ ವಸ್ತುವಾಗಿಯೇ ಬರಬೇಕಾಗುತ್ತದೆ ಎಂಬುದು ಆಗ ತಿಳಿಯಿತು.

ದ್ರಾಕ್ಷಾರಸದ ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನನ್ನ ಆಸೆ, ಏಕೆಂದರೆ ಕನ್ನಡದವರಿಗೆ ಇದು ಗೊತ್ತಾಗುವಂತೆ ಜರ್ಮನಿಯವರಿಗೂ ಇಂಗ್ಲೆಂಡಿನವರಿಗೂ ಗೊತ್ತಾಗಲಾರದು. ನಮ್ಮಲ್ಲಿ ‘ಎಂಜಲು’ ಎಂಬ ಮಾತಿದೆ. ಒಬ್ಬರ ತುಟಿ ತಾಗಿದ ಲೋಟ ಇನ್ನೊಬ್ಬರಿಗೆ ಸಲ್ಲದು. ತಾಯಿ ಮಗುವಿಗೆ, ಹೆಚ್ಚೆಂದರೆ ಗಂಡ ಹೆಂಡತಿಗೆ ಆ ಸಲಿಗೆ. ಜಾತಿ ಬೇರೆಯಾದರಂತೂ ಲೋಟವೇ ಬೇರೆ, ನೀರು ಹೊಯ್ಯುವ ಎತ್ತರವೇ ಬೇರೆ. ಇಂಥ ನೆಲದಲ್ಲಿ ಒಂದು ಪಾತ್ರೆ ತಂದಿಟ್ಟು, ಇದರಲ್ಲಿರುವುದನ್ನು ಎಲ್ಲರೂ ಕುಡಿಯಿರಿ ಎಂದರೆ ಅದು ಎಂಥ ಮಾತಾಗಿರಬೇಕು! ಜಾತಿಯ ಕಟ್ಟು ನಮ್ಮ ಸಭೆಗಳೊಳಗೆ ಬರಲಿಲ್ಲವೆಂದು ನಾನು ಹೇಳಲಾರೆ. ತಂಜಾವೂರು, ಮದರಾಸುಗಳ ಹಳೆಯ ಸಭೆಗಳಲ್ಲಿ ಮೇಲುಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು, ಕರ್ತನ ಮೇಜಿಗೂ ಬೇರೆಯಾಗಿ ಬರುತ್ತಿದ್ದರು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದು, ಜಾತಿಭೇದವನ್ನು ನಿಶ್ಚಯವಾಗಿ, ತಕ್ಷಣವೇ, ಶಾಶ್ವತವಾಗಿ ಬಿಡತಕ್ಕದ್ದೆಂದು ಆಜ್ಞಾಪಿಸಿದರು. ಅನೇಕರು ಜಾತಿಯನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟರು. ರೊಟ್ಟಿ, ದ್ರಾಕ್ಷಾರಸಗಳ ಅರ್ಥವೇನೆಂದು ಅವರಿಗೆ ತಿಳಿಯದೆ ಹೋದದ್ದಲ್ಲ; ಚೆನ್ನಾಗಿ ತಿಳಿದೇ ಬಿಟ್ಟರು.

ಅದರ ಮರುವರ್ಷ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸುವಾರ್ತಾ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಇಲ್ಲಿ ಹುಟ್ಟಿದ ಸಭೆಯಲ್ಲಿ ಹೆಚ್ಚಿನವರು ಬಿಲ್ಲವ ಕುಟುಂಬಗಳಿಂದ ಬಂದವರು. ಅದೇ ಸಭೆಗೆ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದು ಸೇರಿದರು. ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ನಾವು ಗೌರವದಿಂದ ನೆನೆಯುವ ಸಭಾಪಾಲಕರು ಅವರೇ. ಅವರ ದೀಕ್ಷಾಸ್ನಾನ ಊರಿನಲ್ಲಿ ಎಬ್ಬಿಸಿದ ಕೋಲಾಹಲವನ್ನು ಚರಿತ್ರೆ ಬರೆದವರು ವಿವರಿಸುತ್ತಾರೆ. ನನ್ನ ಮನಸ್ಸು ಮಾತ್ರ ಕೋಲಾಹಲ ಅಡಗಿದ ಮೇಲಿನ ಒಂದು ಭಾನುವಾರಕ್ಕೆ ಹೋಗುತ್ತದೆ: ಶೇಂದಿ ಇಳಿಸುವ ಕುಲದಲ್ಲಿ ಹುಟ್ಟಿದವನ ತುಟಿಯಿಂದ ಬ್ರಾಹ್ಮಣನ ತುಟಿಗೆ ಪಾತ್ರೆ ದಾಟುವ ಆ ಒಂದು ಗಳಿಗೆಗೆ. ನೀರಿನ ದೀಕ್ಷೆ ಒಮ್ಮೆ ಆಗಿ ಮುಗಿಯುತ್ತದೆ. ಈ ಪಾತ್ರೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ‘ಇವನ ಎಂಜಲು ನಿನಗೆ ಒಪ್ಪಿಗೆಯೇ’ ಎಂದು ಕೇಳುತ್ತದೆ.

ಈಗ ನಮ್ಮಲ್ಲಿ ಪುಟ್ಟ ಪುಟ್ಟ ಲೋಟಗಳು ಬಂದಿವೆ, ಒಬ್ಬೊಬ್ಬರಿಗೆ ಒಂದೊಂದು. ಆರೋಗ್ಯದ ಕಾರಣ ಸರಿಯಾದದ್ದೇ. ಕ್ಷಯವನ್ನೂ ಕೋವಿಡ್ಡನ್ನೂ ಕಂಡ ಮೇಲೆ ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೂ ಒಂದು ಕಳೆದುಕೊಂಡಿದ್ದೇವೆ ಎಂಬ ನೋವು ನನಗಿದೆ. ನನ್ನ ಲೋಟ, ನನ್ನ ಗುಟುಕು, ನನ್ನ ಪ್ರಾರ್ಥನೆ ಎಂದು ಎಲ್ಲವೂ ನನ್ನದಾಗಿಬಿಡುವುದು ಎಷ್ಟು ಸುಲಭ! ರೊಟ್ಟಿಯನ್ನಾದರೂ ಇಡಿಯಾಗಿ ತಂದು ಎಲ್ಲರ ಕಣ್ಣೆದುರು ಮುರಿಯೋಣ, ಮೊದಲೇ ಚೌಕಾಕಾರದ ಚೂರುಗಳಾಗಿ ಕತ್ತರಿಸಿ ತರುವುದು ಬೇಡ ಎಂದು ನಾನು ಸಭಾ ಸಮಿತಿಯಲ್ಲಿ ಪ್ರತಿ ವರ್ಷ ಹೇಳುತ್ತಾ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ರೊಟ್ಟಿಯಲ್ಲಿ ಕ್ರಿಸ್ತನು ಹೇಗೆ ಇರುತ್ತಾನೆ ಎಂಬ ಚರ್ಚೆಯನ್ನು ನಾನು ಬೇಗ ದಾಟುತ್ತೇನೆ. 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗ್ ಕೋಟೆಯಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಜರ್ಮನಿಯ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರಾಬದುರು ಕೂತು 14 ವಿಷಯಗಳಲ್ಲಿ ಒಪ್ಪಿದರು. ಈ ಒಂದರಲ್ಲಿ ಒಪ್ಪದೆ ಎದ್ದುಹೋದರು. ‘ಇದು ನನ್ನ ದೇಹ’ ಎಂಬ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟಿದ್ದರಂತೆ. ನಮ್ಮ ಮನಸ್ಸಿಗೆ ಹತ್ತಿರವಾಗುವ ಸಂಗತಿ ಬೇರೆಯೇ ಇದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನಲ್ಲಿ ಜರ್ಮನಿಯ ವ್ಯೂರ್ಟೆಂಬೆರ್ಗಿನ ಲೂಥರನ್ನರೂ ಜ್ವಿಂಗ್ಲಿಯ ಪರಂಪರೆಗೆ ಸೇರಿದ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಕೂಡಿ ದುಡಿದರು. ಪಂಡಿತರು ಯಾವ ಮೇಜಿನಿಂದ ಬೇರೆಯಾಗಿ ಎದ್ದುಹೋದರೋ ಆ ಮೇಜಿನಲ್ಲಿ ಕೂಡಿ ಉಣ್ಣುತ್ತಿದ್ದವರೇ ನಮಗೆ ಈ ಭೋಜನವನ್ನು ತಂದುಕೊಟ್ಟರು. ಯೂರೋಪಿನ ಆ ಎರಡು ಪರಂಪರೆಗಳು ಒಂದೇ ಮೇಜಿನಲ್ಲಿ ಕೂರಬಹುದೆಂಬ ಒಪ್ಪಂದ ಬಾಸೆಲಿಗೆ ಸಮೀಪದ ಲಾಯೆನ್‌ಬೆರ್ಗಿನಲ್ಲಿ ಆದದ್ದು 1973ರಲ್ಲಿ. ಕಥೋಲಿಕರ ಮತ್ತು ನಮ್ಮ ನಡುವೆ ಮಾತ್ರ ಆ ಬಾಗಿಲು ಇನ್ನೂ ತೆರೆದಿಲ್ಲ. ಗಂಡ ನಮ್ಮ ಸಭೆಯವನು, ಹೆಂಡತಿ ಇಗರ್ಜಿಯವಳು ಎಂಬಂಥ ಮನೆಗಳು ಈ ಕರಾವಳಿಯಲ್ಲಿ ಎಷ್ಟಿವೆ! ಒಂದೇ ಮಡಕೆಯ ಗಂಜಿ ಉಣ್ಣುವವರು ಭಾನುವಾರ ಬೆಳಿಗ್ಗೆ ಎರಡು ದಾರಿ ಹಿಡಿಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

2020ರ ಏಪ್ರಿಲ್ 12ರ ಈಸ್ಟರ್ ದಿನ ನಮ್ಮ ದೇವಾಲಯದ ಬಾಗಿಲಿಗೆ ಬೀಗವಿತ್ತು. ಮೊಬೈಲಿನಲ್ಲಿ ಆರಾಧನೆ ನೋಡುತ್ತಾ ನನ್ನ ಹೆಂಡತಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬ್ರೆಡ್ಡಿನ ತುಂಡನ್ನೂ ಒಣದ್ರಾಕ್ಷಿ ನೆನೆಸಿ ಹಿಂಡಿದ ರಸವನ್ನೂ ಇಟ್ಟಿದ್ದಳು. ಮನೆಗಳಲ್ಲಿ ಕರ್ತನ ಭೋಜನ ಆಚರಿಸುವುದು ಬೇಡ, ಹಸಿವನ್ನೇ ಪ್ರಾರ್ಥನೆಯಾಗಿ ಒಪ್ಪಿಸೋಣ ಎಂದು ಸಭಾಪಾಲಕರು ಹೇಳಿದರು. ನನಗೆ ಸಿಟ್ಟು ಬಂತು. ಬೇರೆ ಸಭೆಗಳಲ್ಲಿ ಆಚರಿಸಿದವರಿದ್ದರು. ಅವರದು ತಪ್ಪೆಂದು ನಾನು ತೀರ್ಪು ಕೊಡುವವನಲ್ಲ. ಆದರೆ ಆ ತುಂಡನ್ನು ಬಾಯಿಗೆ ಇಡದೆ ಸುಮ್ಮನೆ ನೋಡುತ್ತಾ ಕೂತಾಗ, ನನಗೆ ಬೇಕಾಗಿದ್ದುದು ರೊಟ್ಟಿಯೊಂದೇ ಅಲ್ಲವೆಂಬುದು ಅರಿವಿಗೆ ಬಂತು. ಅದನ್ನು ಕೊಡುವ ಇನ್ನೊಂದು ಕೈ, ಎಡಬಲದಲ್ಲಿ ಮೊಣಕಾಲೂರಿದವರ ಉಸಿರು, ಹಿಂದಿನ ಬೆಂಚಿನ ಮಗುವಿನ ಅಳು, ಇವೂ ಆ ಭೋಜನದ ಭಾಗವೇ ಆಗಿದ್ದವು. ‘ದಿದಖೆ’ ಎಂಬ ಪ್ರಾಚೀನ ಬೋಧನಾ ಗ್ರಂಥದಲ್ಲಿ ಈ ಮೇಜಿಗಾಗಿ ಒಂದು ಪ್ರಾರ್ಥನೆಯಿದೆ: ಬೆಟ್ಟಗಳ ಮೇಲೆ ಚೆದುರಿದ್ದು ಕೂಡಿ ಬಂದು ಈ ರೊಟ್ಟಿ ಒಂದಾದ ಹಾಗೆ ನಿನ್ನ ಸಭೆಯೂ ಭೂಮಿಯ ಕಡೆಕಡೆಗಳಿಂದ ಕೂಡಿಬರಲಿ ಎಂದು. ಕಾಳು ತಾನೊಂದೇ ರೊಟ್ಟಿಯಾಗಲಾರದು. ಅಂದು ನಾನು ಒಂಟಿ ಕಾಳಾಗಿದ್ದೆ.

ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ತಮ್ಮ ಕಾಲದ ಭಾನುವಾರದ ಆರಾಧನೆಯನ್ನು ವಿವರಿಸುತ್ತಾ, ಬಾರದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ದು ಕೊಡುತ್ತಾರೆ ಎಂದು ಬರೆದಿದ್ದಾರೆ. ಆ ಒಂದು ಸಾಲನ್ನು ಓದಿದಂದಿನಿಂದ ಆರಾಧನೆಯ ನಂತರ ಲೋಟ ತೊಳೆಯುವ ಕೆಲಸದ ಮೇಲೆ ನನಗೆ ಹೊಸ ಪ್ರೀತಿ ಬಂದಿದೆ. ನಮ್ಮ ತಟ್ಟೆಗಳಲ್ಲಿ ಒಂದೊಂದಕ್ಕೆ ನಲವತ್ತು ಕುಳಿಗಳು. ಸಭೆಯವರ ಲೆಕ್ಕ ನೋಡಿ ಬೆಳಿಗ್ಗೆ ಲೋಟಗಳನ್ನು ತುಂಬಿಸುತ್ತೇವೆ. ಎಲ್ಲ ಮುಗಿದು ಹಿಂದಿನ ಕೋಣೆಗೆ ತಂದಾಗ ಖಾಲಿ ಲೋಟಗಳ ನಡುವೆ ಕೆಲವು ತುಂಬಿದವು ಹಾಗೆಯೇ ಉಳಿದಿರುತ್ತವೆ.

ಕಳೆದ ತಿಂಗಳು ಏಳು ಉಳಿದಿದ್ದವು. ಸಭಾಪಾಲಕರೂ ನಾನೂ ನಿಂತು ಒಂದೊಂದಾಗಿ ಎಣಿಸಿದೆವು. ಒಂದು, ಹಾಸಿಗೆ ಹಿಡಿದ ಆ ತಾಯಿಯದು, ಎರಡು, ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿ ಬಿದ್ದ ಅಕ್ಕತಂಗಿಯರದು, ಒಂದು, ಬಾಣಂತಿಯದು, ಒಂದು, ಮೊನ್ನೆಯಷ್ಟೇ ಕುವೈತಿಗೆ ಹೊರಟುಹೋದ ಹುಡುಗನದು, ಇನ್ನೊಂದು, ತಮ್ಮನೊಡನೆ ಆಸ್ತಿಯ ಕೇಸು ನಡೆಸುತ್ತಾ ಕೊನೆಯ ಬೆಂಚಿನಿಂದ ಏಳದೆ ಕೂತಿದ್ದವರದು. ಏಳನೆಯದು ಯಾರದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಾನು ಲೋಟ ತೊಳೆಯುವುದನ್ನು ಬಿಟ್ಟು ಕೈ ಒರೆಸಿಕೊಂಡೆ. ಸಭಾಪಾಲಕರು ಬೀರುವಿನಿಂದ ಸಭೆಯ ಹೆಸರಿನ ಪುಸ್ತಕ ತೆಗೆದು ಮೊದಲ ಪುಟದಿಂದ ಓದತೊಡಗಿದರು.